ಮುಂದಿನ ಬಾಂಡ್ ಮೂವತ್ತರ ಆಸುಪಾಸಿನವನೇ ಆಗಿರಬೇಕು

ಡೇನಿಯಲ್ ಕ್ರೇಗ್ 2021ರಲ್ಲಿ ‘ನೋ ಟೈಮ್ ಟು ಡೈ’ ಚಿತ್ರದೊಂದಿಗೆ ಜೇಮ್ಸ್ ಬಾಂಡ್ ಪಾತ್ರವನ್ನು ಬಿಟ್ಟ ದಿನದಿಂದ, ಆ ಜಾಗಕ್ಕೆ ಯಾರು ಬರಬೇಕು ಎಂಬ ಮಾತು ದಾವಣಗೆರೆಯ ಕುಂದವಾಡ ಕೆರೆಯ ಏರಿಯ ಮೇಲೆ ಒಂದಲ್ಲ ಒಂದು ನೆಪದಲ್ಲಿ ನಡೆಯುತ್ತಲೇ ಇದೆ. ಬೆಳಗಿನ ನಡಿಗೆಗೆ ಬರುವ ನಮ್ಮ ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, ಔಷಧಿ ಅಂಗಡಿ ನಡೆಸುವ ಗೆಳೆಯರೊಬ್ಬರು ಮತ್ತು ಇಂಜಿನಿಯರಿಂಗ್ ಓದುತ್ತಿರುವ ಅವರ ಮಗಳು ಇದ್ದಾರೆ. ಈ ಮೂವರೂ ಬಾಂಡ್ ಚಿತ್ರಗಳನ್ನು ಶ್ರದ್ಧೆಯಿಂದ ನೋಡಿದವರು, ಮೂವರಿಗೂ ಒಬ್ಬೊಬ್ಬ ಅಭ್ಯರ್ಥಿ ಇದ್ದಾನೆ. ಹಿರಿಯರು ಇಡ್ರಿಸ್ ಎಲ್ಬಾ ಅವರ ಪರ. ಔಷಧಿ ಅಂಗಡಿಯ ಗೆಳೆಯರು ಹೆನ್ರಿ ಕ್ಯಾವಿಲ್ ಅವರನ್ನು ಬಿಟ್ಟು ಇನ್ನೊಂದು ಹೆಸರನ್ನು ಕೇಳಿಸಿಕೊಳ್ಳಲು ಸಿದ್ಧರಿಲ್ಲ. ಹುಡುಗಿಯ ಒಲವು ಆರನ್ ಟೇಲರ್-ಜಾನ್ಸನ್ ಕಡೆಗೆ. ಇವರೆಲ್ಲರೊಂದಿಗೆ ವಾದಿಸುತ್ತಾ ನನ್ನ ಮನಸ್ಸಿನಲ್ಲಿ ಗಟ್ಟಿಯಾದ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ: ಮುಂದಿನ ಬಾಂಡ್‌ನನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಅವನ ವಯಸ್ಸನ್ನು.

ಇದು ರೂಪದ ಮಾತಲ್ಲ, ಲೆಕ್ಕದ ಮಾತು. ಷಾನ್ ಕಾನರಿ 1962ರ ‘ಡಾಕ್ಟರ್ ನೋ’ ಚಿತ್ರದಿಂದ 1967ರವರೆಗೆ, ಅಂದರೆ ಐದೇ ವರ್ಷಗಳ ಅಂತರದಲ್ಲಿ, ಐದು ಬಾಂಡ್ ಚಿತ್ರಗಳನ್ನು ಮುಗಿಸಿದರು. ರೋಜರ್ ಮೂರ್ 1973ರಿಂದ 1985ರ ನಡುವಿನ ಹನ್ನೆರಡು ವರ್ಷಗಳಲ್ಲಿ ಏಳು ಚಿತ್ರಗಳಲ್ಲಿ ನಟಿಸಿದರು. ಕ್ರೇಗ್ ಅವರಿಗಾದರೋ 2006ರಿಂದ 2021ರವರೆಗಿನ ಹದಿನೈದು ವರ್ಷಗಳಲ್ಲಿ ದಕ್ಕಿದ್ದು ಐದೇ ಚಿತ್ರಗಳು. ಅವುಗಳಲ್ಲಿ ಕೊನೆಯ ಎರಡರ ನಡುವೆ, ಕೊರೋನಾ ಕಾರಣದ ಮುಂದೂಡಿಕೆಯೂ ಸೇರಿ, ಆರು ವರ್ಷಗಳು ಸರಿದುಹೋದವು. ಬಂಡವಾಳ ಬೆಳೆದಿದೆ, ಚಿತ್ರೀಕರಣ ದೇಶದಿಂದ ದೇಶಕ್ಕೆ ಹರಡಿಕೊಂಡಿದೆ, ಚಿತ್ರಕಥೆಯನ್ನು ಮತ್ತೆ ಮತ್ತೆ ತಿದ್ದಿ ಬರೆಯುತ್ತಾರೆ. ಹೀಗಿರುವಾಗ ಒಂದು ಚಿತ್ರಕ್ಕೆ ಮೂರು ವರ್ಷ ಹಿಡಿಯುವುದನ್ನೇ ನಾವು ವೇಗವೆಂದು ತಿಳಿಯಬೇಕಾಗಿದೆ. ನಲವತ್ತೈದನೆಯ ವಯಸ್ಸಿನಲ್ಲಿ ಪಾತ್ರಕ್ಕೆ ಕಾಲಿಟ್ಟ ನಟ ಈ ಗತಿಯಲ್ಲಿ ಐದನೆಯ ಚಿತ್ರಕ್ಕೆ ಬರುವ ಹೊತ್ತಿಗೆ ಐವತ್ತೇಳು ದಾಟಿರುತ್ತಾನೆ. ಮೂರ್ ಅವರ ಕೊನೆಯ ಬಾಂಡ್ ಚಿತ್ರ ತೆರೆಗೆ ಬಂದಾಗ ಅವರ ವಯಸ್ಸು ಸರಿಯಾಗಿ ಅಷ್ಟೇ ಆಗಿತ್ತು. ಅವರ ಮೇಲೆ ನನಗೆ ಅಪಾರ ಪ್ರೀತಿಯಿದೆ. ಉದಯಪುರದಲ್ಲಿ ಚಿತ್ರೀಕರಣವಾದ, ನಮ್ಮ ಕಬೀರ್ ಬೇಡಿ ಮತ್ತು ವಿಜಯ್ ಅಮೃತರಾಜ್ ಅಭಿನಯಿಸಿರುವ 1983ರ ‘ಆಕ್ಟೋಪಸಿ’ಯನ್ನು ನಾನು ಇಂದಿಗೂ ಸಂತೋಷದಿಂದ ನೋಡುತ್ತೇನೆ. ಆದರೂ ಆ ಕೊನೆಯ ಚಿತ್ರದ ಸಾಹಸ ದೃಶ್ಯಗಳಲ್ಲಿ ಓಡುತ್ತಿರುವವರು ಅವರಲ್ಲ, ಬದಲಿ ಸಾಹಸಿಗರು ಎಂಬುದು ಯಾರ ಕಣ್ಣಿಗಾದರೂ ಬೀಳುತ್ತದೆ.

ಈ ಲೆಕ್ಕದಲ್ಲಿ 1972ರಲ್ಲಿ ಹುಟ್ಟಿದ ಎಲ್ಬಾ ಉಳಿಯುವುದಿಲ್ಲ, 1983ರಲ್ಲಿ ಹುಟ್ಟಿದ ಕ್ಯಾವಿಲ್ ಕೂಡ ಉಳಿಯುವುದಿಲ್ಲ. ಕ್ಯಾವಿಲ್ ವಿಷಯದಲ್ಲಂತೂ ನನಗೆ ನಿಜವಾದ ಸಂಕಟವಿದೆ. ಮುಂದೆ ಕ್ರೇಗ್ ಅವರ ಮೊದಲ ಬಾಂಡ್ ಚಿತ್ರವಾದ ‘ಕ್ಯಾಸಿನೋ ರಾಯಲ್’ಗಾಗಿ ನಟನನ್ನು ಹುಡುಕುತ್ತಿದ್ದಾಗ ಅವರೂ ಪರೀಕ್ಷೆಗೆ ಹಾಜರಾಗಿದ್ದರು, ತೀರಾ ಚಿಕ್ಕವರೆಂಬ ಕಾರಣಕ್ಕೆ ಆಗ ಅವಕಾಶ ತಪ್ಪಿತು. ಈಗ ವಯಸ್ಸು ಮೀರಿತು ಎಂದು ಅದೇ ಮನುಷ್ಯನಿಗೆ ಹೇಳುವುದು ಸುಲಭವಲ್ಲ. ಆದರೆ ಈ ಪಾತ್ರದ ಇತಿಹಾಸದಲ್ಲಿ ಕಾಲವು ನಟರೊಂದಿಗೆ ಹೀಗೆ ನಡೆದುಕೊಂಡದ್ದು ಇದೇ ಮೊದಲಲ್ಲ. ಪಿಯರ್ಸ್ ಬ್ರಾಸ್ನನ್ 1986ರಲ್ಲಿಯೇ ಆಯ್ಕೆಯಾಗಿದ್ದರೂ, ರದ್ದಾಗಿದ್ದ ಅವರ ದೂರದರ್ಶನ ಧಾರಾವಾಹಿಯನ್ನು ವಾಹಿನಿಯು ಕೊನೆಯ ಗಳಿಗೆಯಲ್ಲಿ ಮತ್ತೆ ಮುಂದುವರಿಸಲು ತೀರ್ಮಾನಿಸಿದ್ದರಿಂದ ಪಾತ್ರವು ಟಿಮೊತಿ ಡಾಲ್ಟನ್ ಅವರ ಪಾಲಾಯಿತು, ಬ್ರಾಸ್ನನ್ 1995ರವರೆಗೆ ಕಾಯಬೇಕಾಯಿತು. ಡಾಲ್ಟನ್ ಅವರಾದರೂ ಎರಡು ಚಿತ್ರಗಳಿಗೇ ನಿಂತರು. ನಿರ್ಮಾಣಕ್ಕೆ ಅಡ್ಡಬಂದ ಕಾನೂನು ವ್ಯಾಜ್ಯಗಳು 1989ರಿಂದ ಆರು ವರ್ಷಗಳನ್ನು ನುಂಗಿದವು. ಕ್ರೇಗ್ ಅವರ ಗಾಂಭೀರ್ಯವನ್ನು ಇಂದು ಹೊಗಳುವವರು ಅದನ್ನು ಇಪ್ಪತ್ತು ವರ್ಷ ಮೊದಲೇ ತಂದಿದ್ದ ಡಾಲ್ಟನ್ ಅವರನ್ನು ಮರೆಯುವುದು ನನಗೆ ಅನ್ಯಾಯವೆನಿಸುತ್ತದೆ.

ನನ್ನ ವಾದಕ್ಕೆ ಅತ್ಯಂತ ಬಲವಾದ ಎದುರುತ್ತರ ಬಂದದ್ದು ಇಂಗ್ಲಿಷ್ ಚಿತ್ರಗಳಿಂದಲ್ಲ, ನಮ್ಮದೇ ಚಿತ್ರರಂಗದಿಂದ. “ಮೇಷ್ಟ್ರೇ, ಅಣ್ಣಾವ್ರು ಸಿಐಡಿ 999 ಆದಾಗ ಅವರಿಗೆ ಮೂವತ್ತಾಗಿತ್ತೇ?” ಎಂದು ಹಿರಿಯರು ಕೇಳಿದರು. ಆಗಿರಲಿಲ್ಲ, ನಲವತ್ತರ ಹತ್ತಿರವಿದ್ದರು. ದೊರೆ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ಯ ಮೂಲಕ ಬಾಂಡ್ ಮಾದರಿಯ ಗೂಢಚಾರನನ್ನು ಕನ್ನಡಕ್ಕೆ ತಂದಾಗ, ಪುರಾಣ ಮತ್ತು ಭಕ್ತಿಪ್ರಧಾನ ಪಾತ್ರಗಳಿಂದ ಮನೆಮಾತಾಗಿದ್ದ ರಾಜ್‌ಕುಮಾರ್ ಅವರು ಸೂಟು ತೊಟ್ಟು, ಪಿಸ್ತೂಲು ಹಿಡಿದು, ಪ್ರಕಾಶ್ ಎಂಬ ಆ ಅಧಿಕಾರಿಯಾಗಿ ನಿಂತರು, ಜನ ಒಪ್ಪಿದರು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಬಂದವು. 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದಾಗ ಐವತ್ತರ ಅಂಚಿನಲ್ಲಿದ್ದ ಅವರು ‘ಇಫ್ ಯು ಕಮ್ ಟುಡೇ’ ಎಂದು ಇಂಗ್ಲಿಷಿನಲ್ಲಿಯೇ ಹಾಡಿದರು, ಆ ಹಾಡನ್ನು ಇಂದಿನ ಹುಡುಗರೂ ಬಾಯಿಪಾಠ ಒಪ್ಪಿಸುತ್ತಾರೆ. ವಯಸ್ಸು ಅಡ್ಡಿಯೆಂಬ ನನ್ನ ಮಾತು ಇಲ್ಲಿ ನಿಲ್ಲುವುದಿಲ್ಲವಲ್ಲ ಎಂದು ಹಿರಿಯರು ಗೆದ್ದವರಂತೆ ನಕ್ಕರು.

ನಾನು ಇದನ್ನು ಕೆಲವು ದಿನ ಯೋಚಿಸಿದೆ. ಹಿರಿಯರ ಉದಾಹರಣೆ ಸತ್ಯ, ಆದರೆ ಅದು ಬೇರೆ ಸಂಗತಿಯೊಂದನ್ನು ತೋರಿಸುತ್ತದೆ. ಮೊದಲ ಮೂರು ಚಿತ್ರಗಳು ಎರಡೇ ವರ್ಷಗಳಲ್ಲಿ ಬಂದವು. ಆ ವೇಗದಲ್ಲಿ ಚಿತ್ರಗಳು ತಯಾರಾಗುತ್ತಿದ್ದ ಕಾಲದಲ್ಲಿ ನಟನ ವಯಸ್ಸು ಲೆಕ್ಕಕ್ಕೆ ಬರುವುದೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಸಿಐಡಿ 999 ಎಂಬುದು ರಾಜ್‌ಕುಮಾರ್ ಅವರಿಗೆ ಸೇರಿದ ಪಾತ್ರ. ಪ್ರೇಕ್ಷಕರು ಟಾಕೀಸಿಗೆ ಬಂದದ್ದು ಅಣ್ಣಾವ್ರು ಗೂಢಚಾರರಾದರೆ ಹೇಗಿರುತ್ತಾರೆ ಎಂದು ನೋಡಲು. ಅವರನ್ನು ಬಿಟ್ಟು ಇನ್ನೊಬ್ಬರಿಗೆ ಆ ಸಂಖ್ಯೆಯನ್ನು ತೊಡಿಸುವ ಆಲೋಚನೆಯೇ ಕನ್ನಡಿಗರಿಗೆ ಒಗ್ಗುವುದಿಲ್ಲ. ಬಾಂಡ್ ಇದಕ್ಕೆ ತದ್ವಿರುದ್ಧ. ಅಲ್ಲಿ ಪಾತ್ರ ಉಳಿಯುತ್ತದೆ, ನಟ ಬದಲಾಗುತ್ತಾನೆ. ನಟನ ಹಿಂದಿನ ಕೀರ್ತಿ ನಮ್ಮಲ್ಲಿ ಆ ಪಾತ್ರಕ್ಕೆ ಬಲವಾಯಿತು. ಬಾಂಡ್ ಪಾತ್ರಕ್ಕೆ ಅದೇ ಕೀರ್ತಿ ಹೊರೆಯಾಗುತ್ತದೆ, ಏಕೆಂದರೆ ತೆರೆಯ ಮೇಲೆ ಬಾಂಡ್ ಕಾಣಬೇಕಾದ ಕಡೆ ಮೊದಲೇ ಪರಿಚಿತನಾದ ತಾರೆ ಕಾಣುತ್ತಾನೆ. ಮೂರ್ ಮತ್ತು ಬ್ರಾಸ್ನನ್ ಕಿರುತೆರೆಯಲ್ಲಿ ಹೆಸರು ಮಾಡಿಯೇ ಬಂದವರು ಎಂಬುದು ನಿಜ, ಆದರೆ ಇಬ್ಬರೂ ಅಲ್ಲಿ ಮಾಡಿದ್ದು ಹೆಚ್ಚುಕಡಿಮೆ ಬಾಂಡ್‌ನ ಜಾತಿಗೇ ಸೇರಿದ ಪಾತ್ರಗಳನ್ನು. ಮೈಮೇಲೆ ಸೂಪರ್‌ಮ್ಯಾನ್ ಅಂಗಿಯ ನೆನಪನ್ನು ಹೊತ್ತ ಕ್ಯಾವಿಲ್ ಅವರ ಸ್ಥಿತಿ ಹಾಗಲ್ಲ.

ಚರ್ಮದ ಬಣ್ಣ ಮತ್ತು ಹುಟ್ಟೂರಿನ ಬಗ್ಗೆ ಕೆಲವರು ಎತ್ತುವ ಆಕ್ಷೇಪಗಳು ನನಗೆ ಸರಿಕಾಣುವುದಿಲ್ಲ. ಈವರೆಗಿನ ಆರು ಅಧಿಕೃತ ಬಾಂಡ್‌ಗಳಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು ಮೂರ್ ಮತ್ತು ಕ್ರೇಗ್ ಇಬ್ಬರೇ. ಕಾನರಿ ಸ್ಕಾಟ್ಲೆಂಡಿನವರು, ಡಾಲ್ಟನ್ ವೇಲ್ಸ್‌ನಲ್ಲಿ ಜನಿಸಿದವರು, ಬ್ರಾಸ್ನನ್ ಐರ್ಲೆಂಡಿನವರು, ಜಾರ್ಜ್ ಲೇಜನ್‌ಬಿ ಆಸ್ಟ್ರೇಲಿಯಾದವರು. ಹಾಲು ಹಂಚುವ ಕೆಲಸವನ್ನೂ ಮಾಡಿದ್ದ ಕಾನರಿಯವರ ಆಯ್ಕೆ ಮೊದಲಿಗೆ ಮೂಲ ಲೇಖಕ ಇಯಾನ್ ಫ್ಲೆಮಿಂಗ್ ಅವರಿಗೇ ಹಿಡಿಸಿರಲಿಲ್ಲ; ತೆರೆಯ ಮೇಲೆ ನೋಡಿದ ನಂತರ ಅವರು ಮನಸ್ಸು ಬದಲಿಸಿದರು, 1964ರ ಕಾದಂಬರಿಯಲ್ಲಿ ಬಾಂಡ್‌ನ ತಂದೆ ಸ್ಕಾಟ್ಲೆಂಡಿನವನೆಂದೂ ಬರೆದರು. ಪಾತ್ರವನ್ನು ಸೃಷ್ಟಿಸಿದವರೇ ನಟನಿಗಾಗಿ ವಂಶಾವಳಿಯನ್ನು ತಿದ್ದಿರುವಾಗ ಅಭಿಮಾನಿಗಳು ಅದಕ್ಕಿಂತ ಕಟ್ಟುನಿಟ್ಟಾಗುವ ಅಗತ್ಯವಿಲ್ಲ. ಎಲ್ಬಾ ಅವರನ್ನು ನಾನು ಬೇಡವೆನ್ನುವುದು ವಯಸ್ಸಿನ ಒಂದೇ ಕಾರಣಕ್ಕೆ. ಹತ್ತು ಹದಿನೈದು ವರ್ಷ ಮೊದಲು ಅವರನ್ನು ಕರೆದಿದ್ದರೆ ಎಷ್ಟು ಚೆನ್ನಾಗಿತ್ತು.

2005ರಲ್ಲಿ ಕ್ರೇಗ್ ಹೆಸರು ಪ್ರಕಟವಾದಾಗ ಕೂದಲು ಹೊಂಬಣ್ಣದ್ದು, ಎತ್ತರ ಸಾಲದು ಎಂದು ಅಭಿಮಾನಿಗಳು ಬಹಿಷ್ಕಾರದ ಮಾತನಾಡಿದ್ದರು. ಥೇಮ್ಸ್ ನದಿಯ ಮೇಲೆ ವೇಗದ ದೋಣಿಯಲ್ಲಿ ಬಂದ ಅವರು ಜೀವರಕ್ಷಕ ಕವಚ ತೊಟ್ಟಿದ್ದನ್ನೂ ಪತ್ರಿಕೆಗಳು ಆಡಿಕೊಂಡವು. ಮರುವರ್ಷ ಚಿತ್ರ ಬಿಡುಗಡೆಯಾದ ಮೇಲೆ ಆ ಮಾತುಗಳಿಗೆಲ್ಲ ಬೆಲೆಯೇ ಉಳಿಯಲಿಲ್ಲ. ಅವರ ಕೊನೆಯ ಚಿತ್ರದ ಅಂತ್ಯದಲ್ಲಿ ಬಾಂಡ್ ಸಾಯುತ್ತಾನೆ. ಹಾಗಾಗಿ ಹೊಸಬನು ಹಳೆಯ ಕಥೆಯ ಎಳೆಯನ್ನು ಹಿಡಿದು ಮುಂದುವರಿಸಬೇಕಾಗಿಲ್ಲ, ಮೊದಲಿನಿಂದ ಆರಂಭಿಸಬೇಕು. ಮೊದಲಿನಿಂದ ಆರಂಭಿಸುವ ಗೂಢಚಾರ ಇನ್ನೂ ಪಳಗದ, ತನ್ನ ವೃತ್ತಿಯ ಕ್ರೌರ್ಯವನ್ನು ಈಗಷ್ಟೇ ಅರಿಯುತ್ತಿರುವ ಯುವಕನಾಗಿದ್ದರೆ ಕಥೆಗೂ ನ್ಯಾಯ ಸಿಗುತ್ತದೆ. 2025ರಲ್ಲಿ ಬಾಂಡ್ ಚಿತ್ರಗಳ ಸೃಜನಾತ್ಮಕ ಹಿಡಿತ, ಅವುಗಳನ್ನು ನಿರ್ಮಿಸುತ್ತಾ ಬಂದಿದ್ದ ಬ್ರಾಕಲಿ ಕುಟುಂಬದಿಂದ ಅಮೆಜಾನ್ ಎಂಜಿಎಂ ಸಂಸ್ಥೆಗೆ ಹೋದಾಗ ನನಗೆ ಆತಂಕವಾಗಿತ್ತು. ನಿರ್ದೇಶನಕ್ಕೆ ‘ಡ್ಯೂನ್’ ಖ್ಯಾತಿಯ ಡೆನಿ ವಿಲ್‌ನವ್, ಚಿತ್ರಕಥೆಗೆ ‘ಪೀಕಿ ಬ್ಲೈಂಡರ್ಸ್’ ಸೃಷ್ಟಿಸಿದ ಸ್ಟೀವನ್ ನೈಟ್ ಅವರ ಹೆಸರುಗಳು ಹೊರಬಿದ್ದ ಮೇಲೆ ಅದು ಬಹಳಷ್ಟು ಕಡಿಮೆಯಾಯಿತು. ಮೌನವನ್ನು ತೆರೆಯ ಮೇಲೆ ಹಿಡಿದಿಡಬಲ್ಲ ನಿರ್ದೇಶಕ ವಿಲ್‌ನವ್. ಮಾತಿಲ್ಲದೆಯೂ ಅಭಿನಯಿಸಬಲ್ಲ ನಟ ಅವರಿಗೆ ಬೇಕು.

ಹೆಸರು ಹೇಳಲೇಬೇಕೆಂದು ನಮ್ಮ ಗುಂಪಿನ ಹುಡುಗಿ ಪಟ್ಟುಹಿಡಿದಾಗ ನಾನು ಹೇಳಿದ್ದು ಹ್ಯಾರಿಸ್ ಡಿಕಿನ್ಸನ್ ಅವರ ಹೆಸರನ್ನು. 1996ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಇವರು, 2022ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ‘ಟ್ರಯಾಂಗಲ್ ಆಫ್ ಸ್ಯಾಡ್‌ನೆಸ್’ ಚಿತ್ರದಲ್ಲಿ ರೂಪದರ್ಶಿಯೊಬ್ಬನ ಪಾತ್ರ ಮಾಡಿದ್ದಾರೆ. ಸುಂದರ ಮುಖದ ಹಿಂದಿನ ಅಳುಕು, ಅಸೂಯೆ, ಲೆಕ್ಕಾಚಾರಗಳನ್ನು ಅಲ್ಲಿ ಬರಿಯ ಕಣ್ಣಿನಿಂದ ಅವರು ತೋರಿಸುವ ಬಗೆಯನ್ನು ನೋಡಿದರೆ ನನ್ನ ಮಾತು ಅರ್ಥವಾದೀತು. ಐದು ಚಿತ್ರಗಳಿಗೆ ಹದಿನೈದು ವರ್ಷ ಹಿಡಿದರೂ ಅವರು ನಲವತ್ತರ ದಶಕದಲ್ಲಿಯೇ ಇರುತ್ತಾರೆ. ಹುಡುಗಿ ಇನ್ನೂ ಒಪ್ಪಿಲ್ಲ. ಟೇಲರ್-ಜಾನ್ಸನ್ ಹುಟ್ಟಿದ್ದು 1990ರಲ್ಲಿ, ಆರು ವರ್ಷದ ವ್ಯತ್ಯಾಸಕ್ಕಾಗಿ ಅವರನ್ನು ಬಿಡುವುದು ಹೇಗೆ ಎಂಬುದು ಅವಳ ಪ್ರಶ್ನೆ. ಈಗಿನ ಗತಿಯಲ್ಲಿ ಆರು ವರ್ಷವೆಂದರೆ ಎರಡು ಬಾಂಡ್ ಚಿತ್ರಗಳು ಎಂಬುದು ನನ್ನ ಉತ್ತರ.