ಕಿವಿಯೊಳಗೆ ಹೋಗಿ ಬಂದ ತಲೆಸುತ್ತು

ಅನಾಟಮಿಯಲ್ಲಿ ಕಿವಿಯ ಪಾಠ ಬಂದಾಗಲೆಲ್ಲ ನನಗೆ ಸಂಕಟ. ಹೃದಯವನ್ನಾದರೆ ಮಕ್ಕಳ ಕೈಗೇ ಕೊಡಬಹುದು. ಕಿವಿಯೊಳಗಿನ ಸ್ಟೇಪಿಸ್ ಮೂಳೆಯನ್ನು ಹೇಗೆ ತೋರಿಸಲಿ? ಇಡೀ ಮೈಯಲ್ಲೇ ಚಿಕ್ಕ ಮೂಳೆ ಅದು. ಎತ್ತರ ಸುಮಾರು 3 ಮಿಲಿಮೀಟರ್, ಅಕ್ಕಿಕಾಳಿನ ಅರ್ಧದಷ್ಟು. ಒಳಗಿವಿಯಂತೂ ತಲೆಬುರುಡೆಯ ತುಂಬ ಗಟ್ಟಿಯಾದ ಭಾಗದಲ್ಲಿ ಹುದುಗಿದೆ. ಸುಮ್ನೆ ಬೋರ್ಡಿನ ಮೇಲೆ ಚಿತ್ರ ಬರೆದು ಮುಂದೆ ಹೋಗುತ್ತಿದ್ದೆ. ಅರ್ಥವಾಗಿಲ್ಲ ಅಂತ ಅವರ ಮುಖವೇ ಹೇಳುತ್ತಿತ್ತು.

ಈ ವರ್ಷ ಡಿಪಾರ್ಟ್‌ಮೆಂಟಿಗೆ ನಾಲ್ಕು ವಿಆರ್ (ವರ್ಚುಯಲ್ ರಿಯಾಲಿಟಿ) ಹೆಡ್‌ಸೆಟ್ ಬಂದವು. ಕಣ್ಣಿಗೆ ಹಾಕಿಕೊಂಡರೆ ಕಿವಿಯೊಳಗೇ ನಿಂತ ಹಾಗೆ ಕಾಣುತ್ತದೆ. ಫಸ್ಟ್ ಇಯರ್ ಎಂಬಿಬಿಎಸ್‌ನ ಒಂದು ಬ್ಯಾಚನ್ನು ಡಿಸೆಕ್ಷನ್ ಹಾಲ್ ಪಕ್ಕದ ಕೋಣೆಗೆ ಕರೆದುಕೊಂಡು ಹೋದೆ. ಹಾಕಿಕೊಂಡವರಿಗೆ ಕಾಣುವುದು ಗೋಡೆಯ ಟಿವಿಯಲ್ಲೂ ಬರುತ್ತಿತ್ತು. ಹಾಗಾಗಿ ಉಳಿದವರೂ ನೋಡುತ್ತಾ ನಿಂತರು.

ಮೊದಲ ಹುಡುಗ ಕೈ ಚಾಚಿ, ಬಾಗಿಲಷ್ಟು ದೊಡ್ಡದಾಗಿ ಕಂಡ ಸ್ಟೇಪಿಸ್ಸನ್ನು ಮುಟ್ಟಲು ಹೋದ. ಶಬ್ದ ಗ್ರಹಿಸುವ, ಬಸವನಹುಳುವಿನ ಚಿಪ್ಪಿನಂಥ ಕಾಕ್ಲಿಯದ ಎರಡೂವರೆ ಸುತ್ತನ್ನು ಇನ್ನೊಬ್ಬ ಬೆರಳು ಮಡಚಿ ಎಣಿಸಿದ. ಒಳಗಿವಿಯ ಮೂರು ಸೆಮಿಸರ್ಕ್ಯುಲರ್ ಕೆನಾಲ್, ಅಂದರೆ ತಲೆ ಯಾವ ಕಡೆ ತಿರುಗಿತೆಂದು ಒಳಗಿನ ದ್ರವದ ಅಲ್ಲಾಟದಿಂದ ತಿಳಿಯುವ ಬಾಗಿದ ಕೊಳವೆಗಳು, ಒಂದಕ್ಕೊಂದು ಲಂಬವಾಗಿವೆ ಅಂತ ನಾನು ಎಷ್ಟು ವರ್ಷ ಹೇಳಿದ್ದೇನೋ. ಅವರು ತಲೆ ಎತ್ತಿ, ಬಗ್ಗಿ, ಹಿಂದೆ ತಿರುಗಿ ಆ ಮೂರನ್ನೂ ನೋಡುತ್ತಿದ್ದರೆ ನನ್ನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಒಬ್ಬ ಹುಡುಗಿ ಹೆಡ್‌ಸೆಟ್ ಕಿತ್ತು ಕುರ್ಚಿ ಹಿಡಿದುಕೊಂಡಳು. ಮುಖ ಬಿಳಿಚಿಕೊಂಡಿತ್ತು.

"ತಲೆ ಸುತ್ತುತ್ತಿದೆ ಮೇಡಂ. ವಾಂತಿ ಬರೋ ಹಾಗಿದೆ."

ನನಗೆ ಗಾಬರಿಯಾಯಿತು. ಕೂರಿಸಿ ನೀರು ಕೊಟ್ಟೆ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಕೇಳಿದೆ: "ಕತ್ತು ತಿರುಗಿಸಿದ್ಯಾ ಅಮ್ಮ?"

"ಇಲ್ಲ ಮೇಡಂ. ಕಂಟ್ರೋಲರ್ ಒತ್ತಿ ಸುತ್ತಲೂ ತಿರುಗಿದೆ."

ಹಾಗೆ ಹೇಳಿದವಳು ಒಂದು ಗಳಿಗೆ ಸುಮ್ಮನಾದಳು. ಆಮೇಲೆ ಟಿವಿ ಕಡೆ ಕೈ ತೋರಿಸಿದಳು. "ಮೇಡಂ, ಇದಕ್ಕೆ ಕಾರಣ ಆ ಕೆನಾಲ್‌ಗಳೇ ಅಲ್ವಾ? ಕಣ್ಣು ತಿರುಗುತ್ತಿದ್ದೀನಿ ಅಂತು. ಒಳಗಿನ ದ್ರವ ಅಲ್ಲಾಡಲೇ ಇಲ್ಲ."

ಬಸ್ಸಿನಲ್ಲಿ ಪುಸ್ತಕ ಓದಿದರೆ ಹೊಟ್ಟೆ ತೊಳೆಸುವುದೂ ಇಂಥದ್ದೇ ಎಡವಟ್ಟು. ಅಲ್ಲಿ ಕಿವಿಗೆ ಚಲನೆ ಗೊತ್ತಾಗುತ್ತದೆ, ಪುಟ ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ. ಇದನ್ನು ನಾನು ಹೇಳುವ ಮೊದಲೇ ಹಿಂದಿನಿಂದ ಯಾರೋ ಹೇಳಿದರು. ನಾನು ಸಿದ್ಧ ಮಾಡಿಕೊಂಡಿದ್ದ ಪಾಠ ಅಲ್ಲಿಗೇ ನಿಂತಿತು. ಅರ್ಧ ಗಂಟೆ ಅವರೇ ಮಾತಾಡಿದರು.

ಅವತ್ತಿನಿಂದ ಎಲ್ಲರನ್ನೂ ಕುರ್ಚಿಯಲ್ಲಿ ಕೂರಿಸಿಯೇ ಹೆಡ್‌ಸೆಟ್ ಕೊಡುತ್ತೇನೆ. ಐದು ನಿಮಿಷ ಸಾಕು. ತಿರುಗಬೇಕಾದರೆ ಅವರದೇ ಕತ್ತು ತಿರುಗಬೇಕು.

ಕ್ಲಾಸ್ ಮುಗಿದ ಮೇಲೆ ಆ ಹುಡುಗಿ ಅಲಮಾರಿಯಿಂದ ನಿಜವಾದ ಟೆಂಪೊರಲ್ ಮೂಳೆ, ಅಂದರೆ ಕಿವಿ ಇರುವ ತಲೆಬುರುಡೆಯ ಮೂಳೆ, ಕೇಳಿ ತೆಗೆಸಿಕೊಂಡಳು. ಅಂಗೈಯಲ್ಲಿಟ್ಟು ಕಿಟಕಿ ಬೆಳಕಿಗೆ ಹಿಡಿದು, ಕಿವಿಯ ತೂತಿನೊಳಗೆ ಇಣುಕಿದಳು.

"ನಾನು ನಿಂತಿದ್ದು ಇಷ್ಟು ಚಿಕ್ಕ ಜಾಗದಲ್ಲಾ ಮೇಡಂ?"