ಇನ್ನೂ ಏಪ್ರಿಲ್ ಅಲ್ವಾ?

2025ರ ಯುಗಾದಿ ಮಾರ್ಚ್ 30ರ ಭಾನುವಾರ ಬಂದಿತ್ತು. ನಾವಿರುವುದು ಮಿಶಿಗನ್‌ನ ಟ್ರಾಯ್‌ನಲ್ಲಿ. ಡೆಟ್ರಾಯ್ಟ್ ಪೇಟೆಗೆ ಕಾರಿನಲ್ಲಿ ಅರ್ಧ ಗಂಟೆ. ಅವತ್ತು ಸ್ನೇಹಿತರ ಮನೆಯಲ್ಲಿ ಹೋಳಿಗೆ ಊಟ. ಬೇವು-ಬೆಲ್ಲ ಹಂಚಿದ ಮೇಲೆ ಅವರ ಮಾವನವರು ಪಂಚಾಂಗ ಓದಿದರು. ವಿಶ್ವಾವಸು ಸಂವತ್ಸರದಲ್ಲಿ ಮಳೆ ಹೇಗೆ, ಬೆಳೆ ಹೇಗೆ, ಯಾವ ರಾಶಿಗೆ ಆಯ ಎಷ್ಟು, ವ್ಯಯ ಎಷ್ಟು. ಮಕ್ಕಳು ತಮ್ಮ ರಾಶಿ ಬಂದಾಗ ಕಿವಿ ಕೊಟ್ಟರು, ಉಳಿದ ಹೊತ್ತು ಹೋಳಿಗೆ ಕಡೆ ನೋಡುತ್ತಿದ್ದರು.

ಸೋಮವಾರ ಆಫೀಸಿಗೆ ಹೋದರೆ ಕಾಫಿ ಮಷೀನ್ ಹತ್ತಿರ ಅದೇ ಕೆಲಸ ನಡೆದಿತ್ತು. ಅಲ್ಲಿಯೂ ವರ್ಷದ ಫಲವೇ. ಆದರೆ ಮಳೆ-ಬೆಳೆಯದಲ್ಲ, ಡೆಟ್ರಾಯ್ಟ್ ಟೈಗರ್ಸ್ ಬೇಸ್‌ಬಾಲ್ ತಂಡದ್ದು. ಆಟದ ಋತು ಶುರುವಾಗಿ ಇನ್ನೂ ನಾಲ್ಕೇ ದಿನ. ನಮ್ಮವರು ಲಾಸ್ ಏಂಜಲೀಸ್‌ಗೆ ಹೋಗಿ, ಹಿಂದಿನ ವರ್ಷದ ಚಾಂಪಿಯನ್ ಡಾಡ್ಜರ್ಸ್ ಎದುರು ಮೂರಕ್ಕೆ ಮೂರೂ ಸೋತಿದ್ದರು. ಮೊದಲ ದಿನ ನಮ್ಮ ತಂಡದ ಅತ್ಯುತ್ತಮ ಪಿಚರ್ (ಚೆಂಡು ಎಸೆಯುವವರು) ಟಾರಿಕ್ ಸ್ಕೂಬಲ್ ಎಸೆದರೂ 5-4ರಲ್ಲಿ ಸೋಲು. ಎರಡನೇ ಆಟ ಮಾಮೂಲಿ ಒಂಬತ್ತು ದಾಟಿ 10ನೇ ಇನಿಂಗ್ಸ್‌ವರೆಗೆ ಹೋಗಿ, ಡಾಡ್ಜರ್ಸ್‌ನ ಮೂಕಿ ಬೆಟ್ಸ್ ಹೊಡೆದ ಹೋಮ್ ರನ್‌ನಿಂದ (ನಮ್ಮ ಸಿಕ್ಸರ್ ಇದ್ದ ಹಾಗೆ) ಕೈತಪ್ಪಿತು. ಮೂರನೆಯದರ ಮಾತು ಯಾರೂ ಎತ್ತಲಿಲ್ಲ.

ನಮ್ಮ ಟೆಸ್ಟಿಂಗ್ ವಿಭಾಗದಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಹುಟ್ಟಿ ಬೆಳೆದದ್ದೆಲ್ಲ ಡೆಟ್ರಾಯ್ಟ್‌ನಲ್ಲೇ. ಅವರು ಮಗ್ ತೊಳೆಯುತ್ತಾ, ‘ಇದು 2003ರ ವಾಸನೆ ಹೊಡೀತಿದೆ’ ಅಂದರು. ಡೇಟಾ ನೋಡಿಕೊಳ್ಳುವ ಹುಡುಗಿ ತಕ್ಷಣ ತಿರುಗಿದಳು. ‘ಮೂರು ಆಟ ಆಗಿದೆ. 162ರಲ್ಲಿ ಮೂರು!’

ಈ 162 ಎನ್ನುವ ಸಂಖ್ಯೆ ತಲೆಗೆ ಹತ್ತಲು ನನಗೆ ಎರಡು ವರ್ಷ ಬೇಕಾಯಿತು. ಐಪಿಎಲ್‌ನಲ್ಲಿ ಒಂದು ತಂಡ ಲೀಗ್ ಹಂತದಲ್ಲಿ 14 ಪಂದ್ಯ ಆಡುತ್ತದೆ. ಇಲ್ಲಿ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ, ಹೆಚ್ಚು ಕಡಿಮೆ ದಿನಾ ಆಟ. ತುಂಬಾ ಚೆನ್ನಾಗಿ ಆಡುವ ತಂಡವೂ ವರ್ಷಕ್ಕೆ ಅರವತ್ತು ಸಲ ಸೋಲುತ್ತದೆ. ಚೆಂಡು ಹೊಡೆದು, ಔಟಾಗದೆ ಓಡಿ ಬೇಸ್ ಮುಟ್ಟಿದರೆ ಅದು ಹಿಟ್. ಬ್ಯಾಟ್ ಹಿಡಿದವನು ಹತ್ತು ಸಲದಲ್ಲಿ ಮೂರು ಸಲ ಹಿಟ್ ಹೊಡೆದರೆ ದೊಡ್ಡ ಆಟಗಾರ. ಅಂದರೆ ಒಳ್ಳೆಯವನೂ ಒಂದು ವಾರ ಪೂರ್ತಿ ಖಾಲಿ ಕೈಯಲ್ಲಿ ಹೋಗಬಹುದು, ಸಾಧಾರಣ ಆಟಗಾರನೂ ಎರಡು ವಾರ ದೇವರು ಮೈಮೇಲೆ ಬಂದವನಂತೆ ಆಡಬಹುದು. ಏಪ್ರಿಲ್‌ನಲ್ಲಿ ಯಾರು ಯಾವುದು ಎಂದು ಹೇಳುವುದು ಕಷ್ಟ. ಅದಕ್ಕೇ ಏಪ್ರಿಲ್‌ನಲ್ಲಿ ವಾದ ಜಾಸ್ತಿ.

ಈ ವಾದದಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ. ಹಳೆಯ ಅಭಿಮಾನಿಗಳು ಮೊದಲು ಆಟಗಾರರ ಹೆಸರು ಹೇಳುವುದಿಲ್ಲ, ವರ್ಷದ ಹೆಸರು ಹೇಳುತ್ತಾರೆ. ‘ಇದು 84.’ ‘ಅಲ್ಲ, ಇದು 2006.’ ನಮ್ಮೂರ ಕಡೆ ಕಟ್ಟೆಯ ಮೇಲೆ ಕೂತವರು ಮೊದಲ ಮಳೆ ಬಿದ್ದ ಕೂಡಲೇ, ಇದು ಯಾವ ವರ್ಷದ ಹಾಗೆ ಹಿಡಿಯುತ್ತದೆ ಎಂದು ಲೆಕ್ಕ ಹಾಕುವುದಿಲ್ಲವೇ? ಅದೇ ಧಾಟಿ. ನಮ್ಮ ಹಿರಿಯರು ಆ ವರ್ಷಗಳನ್ನು ನನಗೆ ಒಂದೊಂದಾಗಿ ಕಲಿಸಿದರು.

1984 ಎಂದರೆ ಬಂಗಾರದ ವರ್ಷ. ಏಪ್ರಿಲ್ 7ರಂದು ಶಿಕಾಗೋದಲ್ಲಿ ಜ್ಯಾಕ್ ಮಾರಿಸ್ ಎದುರಾಳಿಗೆ ಒಂದೂ ಹಿಟ್ ಕೊಡದೆ ಇಡೀ ಆಟ ಎಸೆದರು. ಮೊದಲ 40 ಆಟದಲ್ಲಿ ತಂಡ 35 ಗೆದ್ದಿತು. ವರ್ಷದ ಮೊದಲ ದಿನದಿಂದ ಕೊನೆಯ ದಿನದವರೆಗೆ ಯಾರಿಗೂ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ. 104 ಗೆಲುವು, ಕೊನೆಗೆ ವರ್ಲ್ಡ್ ಸೀರೀಸ್, ಅಂದರೆ ಇಲ್ಲಿನ ಫೈನಲ್, ಅದನ್ನೂ ಗೆದ್ದರು. ಆಗ ಹಿರಿಯರಿಗೆ ಇಪ್ಪತ್ತರ ಆಸುಪಾಸು. ಅಪ್ಪನ ಜೊತೆ ಮಿಶಿಗನ್ ಮತ್ತು ಟ್ರಂಬಲ್ ರಸ್ತೆಗಳು ಸೇರುವಲ್ಲಿದ್ದ ಹಳೆಯ ಟೈಗರ್ ಸ್ಟೇಡಿಯಮ್‌ಗೆ ಹೋಗಿದ್ದನ್ನು, ಉಳಿದ ದಿನ ಎರ್ನಿ ಹಾರ್ವೆಲ್ ಅವರ ರೇಡಿಯೋ ವಿವರಣೆ ಕೇಳಿದ್ದನ್ನು ಅವರು ಹೇಳುವಾಗ ದನಿಯೇ ಬೇರೆಯಾಗುತ್ತದೆ. ಆ ಅಪ್ಪ ಈಗಿಲ್ಲ.

2003 ಕರಾಳ ವರ್ಷ. ಮೊದಲ ಒಂಬತ್ತೂ ಸೋಲು. 18 ಆಟ ಮುಗಿದಾಗ ಒಂದೇ ಗೆಲುವು. ವರ್ಷದ ಕೊನೆಗೆ 119 ಸೋಲು. ಇಲ್ಲಿನ ಎರಡು ಲೀಗ್‌ಗಳಲ್ಲಿ ನಮ್ಮದಾದ ಅಮೆರಿಕನ್ ಲೀಗ್‌ನಲ್ಲಿ ಅಷ್ಟು ಸೋತವರು ಅದುವರೆಗೆ ಯಾರೂ ಇರಲಿಲ್ಲ. ಅದಾಗಿ ಮೂರೇ ವರ್ಷಕ್ಕೆ, 2006ರಲ್ಲಿ, ಅದೇ ತಂಡ ವರ್ಲ್ಡ್ ಸೀರೀಸ್‌ಗೆ ಹೋಯಿತು.

2006 ಬಂದರೆ ಕ್ರಿಸ್ ಶೆಲ್ಟನ್ ಮಾತು ಬರಲೇಬೇಕು. ಆ ಏಪ್ರಿಲ್‌ನಲ್ಲಿ ಅವರು ಮೊದಲ 13 ಆಟದಲ್ಲಿ 9 ಹೋಮ್ ರನ್ ಹೊಡೆದರು. ಊರೆಲ್ಲ ಅವರದೇ ಮಾತು. ಆಮೇಲೆ ಬ್ಯಾಟ್ ತಣ್ಣಗಾಯಿತು. ಜುಲೈ ಕೊನೆಗೆ ಅವರನ್ನು ಟೊಲೀಡೊಗೆ ಕಳಿಸಿದರು. ಇಡೀ ವರ್ಷಕ್ಕೆ 16 ಹೋಮ್ ರನ್, ಅದರಲ್ಲಿ 10 ಏಪ್ರಿಲ್‌ನವು. ಟೊಲೀಡೊ ಇಲ್ಲಿಂದ ದಕ್ಷಿಣಕ್ಕೆ, ಓಹಾಯೊದಲ್ಲಿರುವ ಊರು. ಟೈಗರ್ಸ್‌ನ ಕೆಳಗಿನ ತಂಡ ಅಲ್ಲಿ ಆಡುತ್ತದೆ. ಹಾಗಾಗಿ ಇಲ್ಲಿನವರ ಬಾಯಲ್ಲಿ ‘ಟೊಲೀಡೊಗೆ ಕಳಿಸಿ’ ಎಂದರೆ ‘ಇವನು ಸಾಕು’ ಎಂದರ್ಥ.

2025ರ ಏಪ್ರಿಲ್‌ನಲ್ಲಿ ಆಫೀಸಿನ ದೊಡ್ಡ ಜಗಳ ಇದರ ಮೇಲೆಯೇ. ಸ್ಪೆನ್ಸರ್ ಟೋರ್ಕಲ್‌ಸನ್ ಎಂಬ ಆಟಗಾರ. 2020ರಲ್ಲಿ ದೇಶದ ಎಲ್ಲ ಹೊಸ ಹುಡುಗರಲ್ಲಿ ಮೊದಲನೆಯವನಾಗಿ ಟೈಗರ್ಸ್ ಆರಿಸಿಕೊಂಡಿದ್ದು ಇವನನ್ನು. 2023ರಲ್ಲಿ 31 ಹೋಮ್ ರನ್. 2024ರಲ್ಲಿ ಆಟ ಕೈಕೊಟ್ಟು ಟೊಲೀಡೊಗೆ ಹೋಗಿ ಬಂದ. 2025ಕ್ಕೆ ತಂಡ ಗ್ಲೇಬರ್ ಟೋರೆಸ್ ಎಂಬ ಆಟಗಾರನನ್ನು ಕರೆತಂದು, ಉಳಿದವರ ಜಾಗ ಅದಲುಬದಲಾದಾಗ ಇವನಿಗೆ ನಿಲ್ಲಲು ಜಾಗವೇ ಇರಲಿಲ್ಲ. ಅಂಥವನು ಏಪ್ರಿಲ್ ಶುರುವಾದ ಕೂಡಲೇ ಚೆಂಡನ್ನು ಗ್ಯಾಲರಿಗೆ ಅಟ್ಟತೊಡಗಿದ.

‘ಶೆಲ್ಟನ್’ ಅಂದರು ಹಿರಿಯರು. ಒಂದೇ ಮಾತು.

‘ಶೆಲ್ಟನ್ ಅಲ್ಲ. ಇವನು ಮೊದಲೂ 31 ಹೊಡೆದಿದ್ದಾನೆ’ ಅಂದಳು ಹುಡುಗಿ.

‘ನಡುವಿನ ವರ್ಷ ಎಲ್ಲಿ ಹೋಯಿತು?’

ಹೀಗೆ ದಿನಾ. ಒಮ್ಮೆ ಊಟದ ಮೇಜಿನಲ್ಲಿ, ಒಮ್ಮೆ ಲಿಫ್ಟ್‌ನಲ್ಲಿ. ಹಾವಿಯರ್ ಬೇಜ್ ವಿಷಯಕ್ಕೆ ಬಂದರೆ ಇನ್ನೂ ಜೋರು. ಆರು ವರ್ಷಕ್ಕೆ 14 ಕೋಟಿ ಡಾಲರ್ ಕೊಟ್ಟು ತಂದ ಆಟಗಾರ. 2024ರಲ್ಲಿ ಸೊಂಟದ ನೋವು, ಶಸ್ತ್ರಚಿಕಿತ್ಸೆ, ಬ್ಯಾಟಿನಲ್ಲಿ ಏನೂ ಇಲ್ಲ. ‘ಬಾಕಿ ದುಡ್ಡು ಕೊಟ್ಟು ಮನೆಗೆ ಕಳಿಸಲಿ’ ಎನ್ನುವುದು ಹಿರಿಯರ ತೀರ್ಪು. ನನಗೆ ಮಾತ್ರ ಆ ಮಾತು ಸರಿ ಬರಲಿಲ್ಲ. ನೋವಿನಲ್ಲಿ ಆಡಿದವನನ್ನು ನೋವು ಹೋದ ಮೇಲೆ ಒಮ್ಮೆ ನೋಡಬೇಕಲ್ವಾ? ಹಾಗಂದೆ. ಆಟದ ವಿಷಯದಲ್ಲಿ ನಾನು ಅಲ್ಲಿ ಬಾಯಿಬಿಟ್ಟು ಅಭಿಪ್ರಾಯ ಹೇಳಿದ್ದು ಅದೇ ಮೊದಲು. ಇಬ್ಬರೂ ತಿರುಗಿ ನೋಡಿದರು, ಆಮೇಲೆ ಹಿರಿಯರು ನನ್ನ ಜೊತೆಗೂ ವಾದಕ್ಕೆ ನಿಂತರು. ಬೇರೆ ದೇಶದಲ್ಲಿ ಬದುಕಿದವರಿಗೆ ಗೊತ್ತು, ಯಾರಾದರೂ ನಿಮ್ಮ ಜೊತೆ ಮನಸಾರೆ ವಾದ ಮಾಡುವುದು ಎಂದರೆ ಎಷ್ಟು ದೊಡ್ಡದು. ಅದುವರೆಗೆ ಎಲ್ಲರೂ ನನ್ನ ಮಾತಿಗೆ ನಕ್ಕು ತಲೆಯಾಡಿಸುತ್ತಿದ್ದರು, ಅಷ್ಟೇ.

ನನ್ನ ಬಳಿಯೂ ಹೇಳಲು ಒಂದು ವರ್ಷ ಇತ್ತು. 2024. ಆ ವರ್ಷ ಆರ್‌ಸಿಬಿ ಮೊದಲ ಎಂಟು ಪಂದ್ಯದಲ್ಲಿ ಗೆದ್ದಿದ್ದು ಒಂದೇ. ಆಮೇಲೆ ಸತತ ಆರು ಗೆದ್ದು ಪ್ಲೇಆಫ್‌ಗೆ ಹೋಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಟೈಗರ್ಸ್ ಪ್ಲೇಆಫ್ ಸೇರುವ ಸಾಧ್ಯತೆ ಶೇ. 0.2 ಎಂದು ಫ್ಯಾನ್‌ಗ್ರಾಫ್ಸ್ ಎಂಬ ಬೇಸ್‌ಬಾಲ್ ಅಂಕಿಅಂಶದ ವೆಬ್‌ಸೈಟ್ ಲೆಕ್ಕ ಹೇಳುತ್ತಿತ್ತು. ಸೆಪ್ಟೆಂಬರ್ 27ರಂದು ಡೆಟ್ರಾಯ್ಟ್‌ನಲ್ಲೇ ಶಿಕಾಗೋ ವೈಟ್ ಸಾಕ್ಸ್‌ನ ಸೋಲಿಸಿ, ಹತ್ತು ವರ್ಷದ ನಂತರ ಪ್ಲೇಆಫ್‌ಗೆ ಹೋದರು. ವೈಟ್ ಸಾಕ್ಸ್‌ಗೆ ಅದು ಆ ವರ್ಷದ 121ನೇ ಸೋಲು. 2003ರ 119ನ್ನು ಅವರು ಆ ವಾರಕ್ಕೆ ಮೊದಲೇ ದಾಟಿದ್ದರು. ಆ ಹಳೆಯ ಭಾರ ಡೆಟ್ರಾಯ್ಟ್‌ನ ತಲೆಯಿಂದ ಇಳಿದದ್ದೂ ಅದೇ ತಿಂಗಳು. ನಾನು ಆರ್‌ಸಿಬಿ ಕಥೆ ಹೇಳಿದಾಗ ಹಿರಿಯರು ಕ್ರಿಕೆಟ್‌ನ ನಿಯಮ ಒಂದನ್ನೂ ಕೇಳಲಿಲ್ಲ. ‘ಒಂದು ಗೆಲುವು, ಏಳು ಸೋಲು. ಆಗ ನಿಮ್ಮವರು ಏನಂತಿದ್ದರು?’ ಎಂದು ಅದನ್ನೇ ಕೇಳಿದರು.

ಏಪ್ರಿಲ್ 4, ಶುಕ್ರವಾರ, ಡೆಟ್ರಾಯ್ಟ್‌ನಲ್ಲಿ ವರ್ಷದ ಮೊದಲ ಆಟ. ಅವತ್ತು ಈ ಊರಲ್ಲಿ ಕೆಲಸ ಮಾಡುವವರು ಕಡಿಮೆ. ಕ್ಯಾಲೆಂಡರ್‌ನಲ್ಲಿ ರಜೆ ಇಲ್ಲ, ಆದರೂ ಜಾತ್ರೆ. ಟಿಕೆಟ್ ಇಲ್ಲದವರೂ ಬರುತ್ತಾರೆ. ಟೈಗರ್ಸ್‌ನ ಸ್ಟೇಡಿಯಮ್ ಕೊಮೆರಿಕಾ ಪಾರ್ಕ್ ಸುತ್ತಲಿನ ಪಾರ್ಕಿಂಗ್ ಜಾಗಗಳಲ್ಲಿ ಬೆಳಗ್ಗೆಯಿಂದಲೇ ಇದ್ದಿಲ ಒಲೆ ಹೊತ್ತಿಸಿ, ಮಾಂಸ ಸುಟ್ಟು, ಹಾಡು ಹಾಕಿ ನಿಂತಿರುತ್ತಾರೆ. ನಾವು ಮೂವರೂ ಅರ್ಧ ದಿನ ರಜೆ ಹಾಕಿ ಹೋದೆವು. ನಾನು ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆ. ಪಕ್ಕದ ಕಾರಿನವರು ಯಾರೋ, ಹೆಸರು ಗೊತ್ತಿಲ್ಲ, ತಟ್ಟೆ ತಂದು ಹಾಕಿಸಿಕೊಂಡರು. ಅವರಿಗೂ ಟೋರ್ಕಲ್‌ಸನ್ ಬಗ್ಗೆ ಅಭಿಪ್ರಾಯವಿತ್ತು. ಅವತ್ತು ಗೆದ್ದೆವು.

ಏಪ್ರಿಲ್ ಕೊನೆಗೆ ಊರಿಗೆ ಫೋನ್ ಮಾಡಿದಾಗ ಅಪ್ಪ ಖುಷಿಯಲ್ಲಿದ್ದರು. ರಾಣೆಬೆನ್ನೂರು ಹತ್ತಿರ ನಮ್ಮ ಹೊಲ, ಗೋವಿನಜೋಳ ಬೆಳೆಯುತ್ತೇವೆ. ‘ಭರಣಿ ಚಲೋ ಹಿಡದೈತಿ ನೋಡವಾ’ ಅಂದರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಗಾದೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ‘ಹಾಗಾದ್ರೆ ಈ ವರ್ಷ ಬೆಳೆ ಚಲೋ ಆಗ್ತದಾ ಅಪ್ಪಾ?’ ಅಂತ ಕೇಳಿದೆ. ‘ಅದ್ಯಾರಿಗೆ ಗೊತ್ತವಾ? ಮಳಿ ಆಗೇತಿ, ರೆಂಟಿ ಹೊಡಿಯಾಕ ಹೊಂಟೇನಿ’ ಅಂದು ಫೋನ್ ಇಟ್ಟರು.

ಆ ಮಾತು ತಲೆಯಲ್ಲಿ ಉಳಿಯಿತು. ಯಾಕೆಂದರೆ ಇಲ್ಲಿ ಏಪ್ರಿಲ್‌ನಲ್ಲಿ ಎಲ್ಲರೂ ಹೇಳುವುದು ಒಂದೇ, ‘ಇನ್ನೂ ಏಪ್ರಿಲ್ ಅಲ್ವಾ?’ ಸೋತಾಗ ಸಮಾಧಾನಕ್ಕೂ ಅದೇ, ಗೆದ್ದಾಗ ಭಯಕ್ಕೂ ಅದೇ. ಆದರೆ ಏಪ್ರಿಲ್‌ನ ಆಟಕ್ಕೂ ಸೆಪ್ಟೆಂಬರ್‌ನ ಆಟಕ್ಕೂ ಪಟ್ಟಿಯಲ್ಲಿ ಬೆಲೆ ಒಂದೇ. 1984ರ ಆ 35-5 ತೆಗೆದುಬಿಟ್ಟರೆ ಉಳಿದ 122 ಆಟದಲ್ಲಿ 69 ಗೆಲುವು, 53 ಸೋಲು. ಒಳ್ಳೆಯದೇ, ಆದರೆ ಯಾರೂ ನಲವತ್ತು ವರ್ಷ ನೆನಪಿಡುವಂಥದ್ದಲ್ಲ. ಈ ಲೆಕ್ಕವನ್ನು ಬಿಳಿ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಡೇಟಾ ಹುಡುಗಿ ಫೋಟೋ ತೆಗೆದುಕೊಂಡಳು.

ಮೇ 13ರಂದು ಬೋಸ್ಟನ್ ವಿರುದ್ಧ ಬೇಜ್ ಒಂದೇ ಆಟದಲ್ಲಿ ಎರಡು ಸಲ ಮೂರು ರನ್‌ನ ಹೋಮ್ ರನ್ ಹೊಡೆದರು. ಎರಡನೆಯದು 11ನೇ ಇನಿಂಗ್ಸ್‌ನಲ್ಲಿ, ಅದರಿಂದಲೇ 10-9ರಲ್ಲಿ ಗೆಲುವು. ಜುಲೈನಲ್ಲಿ, ಎಲ್ಲ ತಂಡಗಳ ಆಯ್ದ ಆಟಗಾರರು ಆಡುವ ಆಲ್-ಸ್ಟಾರ್ ಆಟದಲ್ಲಿ, ಅವರು ಶುರುವಿನಿಂದಲೇ ಆಡಿದರು. ಮೇ 14ರ ಬೆಳಗ್ಗೆ ನನ್ನ ಮೇಜಿನ ಮೇಲೆ ಒಂದು ಡೋನಟ್ ಇತ್ತು. ಯಾರು ಇಟ್ಟದ್ದು ಎಂದು ಹಿರಿಯರು ಕೊನೆಗೂ ಒಪ್ಪಿಕೊಳ್ಳಲಿಲ್ಲ.

ಜುಲೈ ಹೊತ್ತಿಗೆ, ಟೈಗರ್ಸ್ ಇರುವ ಐದು ತಂಡಗಳ ಗುಂಪಿನಲ್ಲಿ ಕ್ಲೀವ್‌ಲ್ಯಾಂಡ್ ನಮಗಿಂತ 15 ಆಟಕ್ಕೂ ಹೆಚ್ಚು ಹಿಂದಿತ್ತು. ಎಲ್ಲರೂ 84 ಅನ್ನುತ್ತಿದ್ದರು. ಹಿರಿಯರು ಮಾತ್ರ ‘2006’ ಅಂದರು. ಆ ವರ್ಷವೂ ಆಗಸ್ಟ್‌ನಲ್ಲಿ ತುಂಬಾ ಮುಂದಿದ್ದು, ಕೊನೆಯ ದಿನ ಮಿನೆಸೋಟಾಗೆ ಮೊದಲ ಸ್ಥಾನ ಬಿಟ್ಟುಕೊಟ್ಟಿದ್ದರಂತೆ. ನಾವು ನಂಬಲಿಲ್ಲ. ಸೆಪ್ಟೆಂಬರ್‌ನಲ್ಲಿ ಸೋಲಿನ ಮೇಲೆ ಸೋಲು. ಕೊನೆಗೆ ಕ್ಲೀವ್‌ಲ್ಯಾಂಡ್ 88 ಗೆಲುವು, ನಾವು 87. ಅಷ್ಟು ದೊಡ್ಡ ಅಂತರವನ್ನು ಯಾವ ತಂಡವೂ ಅದುವರೆಗೆ ಕಳೆದುಕೊಂಡಿರಲಿಲ್ಲ.

88, 87. ನಾನು ಆ ರಾತ್ರಿ ಲಾಸ್ ಏಂಜಲೀಸ್‌ನ ಮೂರು ಸೋಲಿನ ಬಗ್ಗೆ ಯೋಚಿಸುತ್ತಾ ಕೂತಿದ್ದೆ. ಅದರಲ್ಲಿ ಎರಡು ಗೆದ್ದಿದ್ದರೆ 89.

ಆದರೂ ಪ್ಲೇಆಫ್‌ಗೆ ಹೋದೆವು. ಕ್ಲೀವ್‌ಲ್ಯಾಂಡ್‌ನ್ನೇ ಸೋಲಿಸಿದೆವು. ಮುಂದಿನ ಸುತ್ತಿನಲ್ಲಿ ಸಿಯಾಟಲ್ ಎದುರಾಳಿ. ಅಕ್ಟೋಬರ್ 10ರಂದು ಅಲ್ಲಿ ನಿರ್ಣಾಯಕ ಐದನೇ ಆಟ. ಸ್ಕೂಬಲ್ ಆರು ಇನಿಂಗ್ಸ್‌ನಲ್ಲಿ 13 ಸಲ ಬರೀ ತಮ್ಮ ಎಸೆತದಿಂದಲೇ (ಸ್ಟ್ರೈಕ್‌ಔಟ್) ಔಟ್ ಮಾಡಿ ಕಳಿಸಿದರು. ಆಟ ಒಂಬತ್ತಕ್ಕೆ ಮುಗಿಯದೆ 15 ಇನಿಂಗ್ಸ್‌ವರೆಗೆ ಹೋಯಿತು. ಇಲ್ಲಿ ರಾತ್ರಿ ಒಂದು ದಾಟಿತ್ತು. ಸಿಯಾಟಲ್‌ನ ಹೋರ್ಹೆ ಪೊಲಾಂಕೊ ಹೊಡೆದ ಒಂದು ಹಿಟ್, 3-2, ಮುಗಿಯಿತು. ಮಕ್ಕಳು ಮಲಗಿದ್ದರು. ಟಿವಿ ಆರಿಸಿ ಅಡುಗೆಮನೆಯ ಕತ್ತಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಊರಲ್ಲಿ ಆಗ ಬೆಳಗಿನ ಹೊತ್ತು, ಅಪ್ಪ ಹೊಲದಲ್ಲಿರುತ್ತಾರೆ ಎಂದು ಫೋನ್ ಮಾಡಲಿಲ್ಲ.

ಸೋಮವಾರ ಹಿರಿಯರು ನೇರವಾಗಿ ಡೇಟಾ ಹುಡುಗಿಯ ಮೇಜಿಗೆ ಹೋದರು. ‘ಟೋರ್ಕಲ್‌ಸನ್ ಎಷ್ಟು ಹೊಡೆದ?’

‘31.’

‘ಶೆಲ್ಟನ್ ಅಲ್ಲ’ ಅಂದರು. ಆಮೇಲೆ ನನ್ನ ಕಡೆ ತಿರುಗಿ, ‘ಬೇಜ್ ವಿಷಯದಲ್ಲೂ ನೀನು ಹೇಳಿದ್ದೇ ಸರಿ’ ಅಂದರು.

ಡಿಸೆಂಬರ್‌ನಲ್ಲಿ ನಮ್ಮ ತಂಡಕ್ಕೆ ಹೊಸ ಹುಡುಗ ಬಂದ, ಧಾರವಾಡದವನು, ಮಿಶಿಗನ್‌ಗೆ ಬಂದು ಎರಡೇ ವಾರವಾಗಿತ್ತು. ಊಟದ ಹೊತ್ತಿಗೆ ಬಂದು, ‘ಅಕ್ಕಾ, ಇವರು ದಿನಾ 88, 87 ಅಂತಾರಲ್ಲ, ಏನದು?’ ಎಂದು ಕೇಳಿದ. ಡಬ್ಬಿ ಮುಚ್ಚಿಟ್ಟು, ಅವನಿಗೆ ಪಕ್ಕದ ಕುರ್ಚಿ ಎಳೆದುಕೊಟ್ಟು, ಲಾಸ್ ಏಂಜಲೀಸ್‌ನ ಎರಡನೇ ಆಟದಿಂದ ಶುರು ಮಾಡಿದೆ.