ಮೇ ತಿಂಗಳ ಪೊರೆ, ಆಷಾಢದ ಪೊರೆ

ಆಗಿನ್ನೂ ಕಲಬುರಗಿ ಗುಲಬರ್ಗಾ ಆಗಿತ್ತು. ಎಂ.ಎಸ್ಸಿ. ಭೌತಶಾಸ್ತ್ರದ ಕೊನೆಯ ವರ್ಷ ನನ್ನ ಪಾಲಿಗೆ ಬಂದ ಪ್ರಾಜೆಕ್ಟ್, ಪ್ರೋಟಾನ್‌ಗಳನ್ನು ಹಾಯಗೊಡುವ ಪಾಲಿಮರ್ ಪೊರೆ ಮಾಡುವುದು. ಹೈಡ್ರೋಜನ್ನಿನಿಂದ ವಿದ್ಯುತ್ತು ತೆಗೆಯುವ ಇಂಧನ ಕೋಶದ (ಫ್ಯುಯೆಲ್ ಸೆಲ್) ನಡುವೆ ಇಂಥದೊಂದು ಪೊರೆ ಇರುತ್ತದೆ. ಹೈಡ್ರೋಜನ್ನಿನ ಪ್ರೋಟಾನ್ ಅದನ್ನು ದಾಟುತ್ತದೆ. ಎಲೆಕ್ಟ್ರಾನ್‌ಗೆ ಅಲ್ಲಿ ದಾರಿಯಿಲ್ಲ, ಹೊರಗಿನ ತಂತಿಯನ್ನೇ ಹಿಡಿಯಬೇಕು. ನಮಗೆ ಸಿಗುವ ವಿದ್ಯುತ್ತು ಅದೇ. ಈ ಕೆಲಸಕ್ಕೆ ಹೆಸರಾದ ನಾಫಿಯಾನ್ ಎಂಬ ಪಾಲಿಮರ್ 1960ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ಹುಟ್ಟಿದ್ದು. ಅದನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಇದ್ದದ್ದು ಪಾಲಿವಿನೈಲ್ ಆಲ್ಕೋಹಾಲ್ ಎಂಬ ಬಿಳಿ ಪುಡಿ, ಫಾಸ್ಫಾರಿಕ್ ಆಮ್ಲ, ಬಟ್ಟಿ ಇಳಿಸಿದ ನೀರು.

ಮೊದಲ ದಿನ ಪುಡಿಯನ್ನು ನೇರ ಬಿಸಿನೀರಿಗೆ ಸುರಿದೆ. ಬೀಕರಿನ ತುಂಬ ಗಂಟುಗಳು. ಒಂದನ್ನು ಗಾಜಿನ ಕಡ್ಡಿಯಿಂದ ಒಡೆದರೆ ಹೊರಗೆ ಅಂಟು, ಒಳಗೆ ಒಣ ಪುಡಿ ಹಾಗೆಯೇ ಕುಳಿತಿತ್ತು. ಪ್ರಾಜೆಕ್ಟಿನ ಗೈಡ್ ಆಗಿದ್ದ ಮೇಡಂ ಬೈಯಲಿಲ್ಲ. “ತಮ್ಮಾ, ನಿಮ್ಮವ್ವ ಅಂಬಲಿ ಮಾಡುವಾಗ ಜೋಳದ ಹಿಟ್ಟನ್ನು ಮೊದಲು ಯಾವ ನೀರಿನಲ್ಲಿ ಕದಡುತ್ತಾರೆ?” ಎಂದು ಕೇಳಿದರು.

ತಣ್ಣೀರಿನಲ್ಲಿ!

ಮರುದಿನ ತಣ್ಣೀರಿನಲ್ಲಿ ಕದಡಿ, ತಿರುವುತ್ತಲೇ ಮೆಲ್ಲಗೆ 90 ಡಿಗ್ರಿಗೆ ಏರಿಸಿದೆ. ಹಾಲಿನಂತಿದ್ದದ್ದು ತಿಳಿಯಾಗುತ್ತ ಬಂದು ಗಂಜಿಯಂತೆ ಗಟ್ಟಿಯಾಯಿತು. ಆರಿದ ಮೇಲೆ ಆಮ್ಲ ಬೆರೆಸಿ, ಗಾಜಿನ ತಟ್ಟೆಗೆ ಸುರಿದು, ಧೂಳು ಬೀಳದಂತೆ ಮುಚ್ಚಿಟ್ಟು ದಿನಗಟ್ಟಲೆ ಕಾದೆ. ಮೇಜು ಕೂದಲೆಳೆಯಷ್ಟು ಓರೆಯಾದರೂ ಪೊರೆ ಒಂದು ಕಡೆ ದಪ್ಪವಾಗುತ್ತಿತ್ತು. ಕಾಲಿನ ಕೆಳಗೆ ಹಾಳೆ ಮಡಚಿಟ್ಟು ಮಟ್ಟ ಮಾಡುವುದಕ್ಕೇ ಒಂದು ಮಧ್ಯಾಹ್ನ ಹೋಯಿತು. ಬ್ಲೇಡಿನ ತುದಿಯಿಂದ ಅಂಚನ್ನು ಎಬ್ಬಿಸಿ, ಹರಿಯದಂತೆ ಪೂರ್ತಿ ಪೊರೆ ಕೈಗೆ ಬಂದಾಗಿನ ಸಂತೋಷವನ್ನು ನಾನು ಮರೆಯಲಾರೆ.

ಮೇ ತಿಂಗಳಲ್ಲಿ ಅಳೆದರೆ ರೋಧ, ಅಂದರೆ ವಿದ್ಯುತ್ತಿಗೆ ಪೊರೆ ಒಡ್ಡುವ ತಡೆ, ಬಹಳ ಹೆಚ್ಚು ಬಂತು. ಮೀಟರ್ ಕೆಟ್ಟಿದೆ ಎಂದುಕೊಂಡೆ. ಮೇಡಂ ಮಾತ್ರ ಆ ಪೊರೆಯನ್ನು ಎಸೆಯಗೊಡಲಿಲ್ಲ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಅದನ್ನೇ ಮತ್ತೆ ಅಳೆದಾಗ ವಾಹಕತೆ ಎಷ್ಟೋ ಪಟ್ಟು ಏರಿತ್ತು. ರಾಶಿಯ ಕಾಲಕ್ಕೆ ತೊಗರಿಯ ಪುಟ್ಟಿ ಕೈಯಿಂದ ಕೈಗೆ ಸಾಗುವಂತೆ ಪ್ರೋಟಾನ್ ಒಂದು ಅಣುವಿನಿಂದ ಮತ್ತೊಂದಕ್ಕೆ ದಾಟುತ್ತದೆ. ನೀರಿನಲ್ಲಿ ವಿದ್ಯುತ್ತು ಹೀಗೆ ಕೈ ಬದಲಿಸಿ ಸಾಗುತ್ತದೆ ಎಂದು ಗ್ರೋಟಸ್ ಎಂಬ ವಿಜ್ಞಾನಿ 1806ರಲ್ಲೇ ಊಹಿಸಿದ್ದ. ನಮ್ಮ ಬೇಸಿಗೆ ಪೊರೆಯಲ್ಲಿದ್ದ ನೀರನ್ನು ಹೀರಿ ಆ ಕೈಗಳನ್ನೇ ಕಡಿಮೆ ಮಾಡಿತ್ತು. ಅಂದೇ ಮೇಡಂ ನನ್ನ ನೋಟ್‌ಬುಕ್‌ನಲ್ಲಿ ಪೆನ್ಸಿಲ್‌ನಿಂದ ಎರಡು ಗೆರೆ ಎಳೆದು, ಪ್ರತಿ ಅಳತೆಯ ಪಕ್ಕದಲ್ಲಿ ಆ ದಿನದ ಉಷ್ಣತೆ, ಆರ್ದ್ರತೆ ಬರೆಯಲು ಹೇಳಿದರು. ಪ್ರಾಜೆಕ್ಟಿನ ಅಂಕ ಎಷ್ಟು ಬಂತೆಂಬುದು ಈಗ ನೆನಪಿಲ್ಲ. ಆ ಎರಡು ಗೆರೆಗಳನ್ನು ಮಾತ್ರ ನನ್ನ ವಿದ್ಯಾರ್ಥಿಗಳ ಪುಸ್ತಕದಲ್ಲಿ ಇಂದಿಗೂ ನಾನೇ ಎಳೆದುಕೊಡುತ್ತೇನೆ.

ಆಮ್ಲ ಬೆರೆಸದೆ ಅಭ್ಯಾಸಕ್ಕೆಂದು ಮಾಡಿದ ಮೊದಲ ಪೊರೆ ಆ ನೋಟ್‌ಬುಕ್‌ನ ಹಾಳೆಗಳ ನಡುವೆ ಇನ್ನೂ ಇದೆ. ಬೇಸಿಗೆಯಲ್ಲಿ ತೆಗೆದರೆ ಗರಗರ ಎನ್ನುತ್ತದೆ. ಮಳೆಗಾಲದಲ್ಲಿ ಮೆತ್ತಗೆ ಬೆರಳಿಗೆ ಸುತ್ತಿಕೊಳ್ಳುತ್ತದೆ.